ರಾತ್ರಿ ಏಳುವ ಕೂಸು

ಬಾಣಂತಿಯನ್ನು ನೋಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ಮಗು ಯಾರ ಹಾಗಿದೆ ಎನ್ನುವುದು ಮೊದಲನೆಯದು. ರಾತ್ರಿ ಮಲಗುತ್ತೋ ಇಲ್ಲವೋ ಎನ್ನುವುದು ಎರಡನೆಯದು. ಈ ಎರಡನೆಯದಕ್ಕೆ ತಾಯಿ 'ಎರಡು ಗಂಟೆಗೊಮ್ಮೆ ಏಳುತ್ತೆ' ಅಂದಳೋ, ತೀರ್ಪು ಸಿದ್ಧ: 'ಹಾಲು ಸಾಲ್ತಾ ಇಲ್ಲ ಕಣೇ.' ಧಾರವಾಡದ ಕಡೆಯಾದರೆ 'ಹಾಲು ಸಾಲವಲ್ದು ನೋಡವಾ.' ಮಾತಿನ ಧಾಟಿ ಬೇರೆ, ತೀರ್ಪು ಅದೇ. ಅಲ್ಲಿಂದ ಮುಂದಕ್ಕೆ ಸಲಹೆಗೆ ಬರವಿಲ್ಲ. ಒಬ್ಬರು ರಾತ್ರಿ ಒಂದು ಹೊತ್ತು ಡಬ್ಬಿ ಹಾಲು ಹಾಕು ಅನ್ನುತ್ತಾರೆ. ಇನ್ನೊಬ್ಬರು ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು ಅನ್ನುತ್ತಾರೆ. ಮೂರು ತಿಂಗಳಿಗೇ ರಾಗಿ ಸರಿ ಶುರುಮಾಡಿದರೆ ಬೆಳಗಿನ ತನಕ ಅಲ್ಲಾಡುವುದಿಲ್ಲ ಎಂದು ತಮ್ಮ ಮಕ್ಕಳ ಸಾಕ್ಷಿ ಹೇಳುವವರೂ ಉಂಟು. ಅಜ್ಜಿ ಅಷ್ಟರಲ್ಲಿ ಸಾಣೆಕಲ್ಲು ಹುಡುಕುತ್ತಿರುತ್ತಾರೆ, ಜಾಯಿಕಾಯಿ ತೇಯುವುದಕ್ಕೆ.

ಈ ತೀರ್ಪು ಬಹಳಷ್ಟು ಸಲ ತಪ್ಪು ಎಂದು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ. ಮೊದಲ ತಿಂಗಳುಗಳಲ್ಲಿ ರಾತ್ರಿ ಏಳುವುದು ಕೂಸಿನ ಮೈಯ ಕಟ್ಟಿನಲ್ಲೇ ಇದೆ. ಅದನ್ನು ತಾಯಿಯ ಹಾಲಿನ ಮೇಲಿನ ದೂರಾಗಿ ಕೇಳಿಸಿಕೊಂಡದ್ದರಿಂದಲೇ ಎಷ್ಟೋ ಮನೆಗಳಲ್ಲಿ ಎದೆಹಾಲು ಬೇಗ ನಿಂತುಹೋಗಿದೆ. ಹಾಲುಪುಡಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿತು. ನೆಂಟರಿಷ್ಟರ ಬಾಯಿಗೆ ಅದು ಅನ್ವಯಿಸುವುದಿಲ್ಲವಲ್ಲ.

ಮೊದಲು ನಿದ್ದೆಯ ವಿಚಾರ. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಇದನ್ನು ಹೇಳಿದರೆ ತಾಯಂದಿರು 'ಯಾವ ಮನೆ ಮಗು ಡಾಕ್ಟ್ರೇ?' ಎಂದು ನಗುತ್ತಾರೆ. ಲೆಕ್ಕ ಸರಿಯೇ ಇದೆ, ಆದರೆ ಆ ನಿದ್ದೆ ಇಡಿಯಾಗಿ ಬರುವುದಿಲ್ಲ, ಚೂರುಚೂರಾಗಿ ಬರುತ್ತದೆ. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದು, ಎಳೆಗೂಸಿನದು ಒಂದು ಗಂಟೆಯೊಳಗೇ ಮುಗಿಯುತ್ತದೆ. ಅದರಲ್ಲೂ ಅರ್ಧದಷ್ಟು ಚಲನೆಯ ನಿದ್ದೆ. ರೆಪ್ಪೆಯಡಿ ಕಣ್ಣು ಓಡಾಡುತ್ತದೆ, ತುಟಿ ಹೀರಿದಂತೆ ಆಡುತ್ತದೆ, ನಗುತ್ತದೆ, ಮುಲುಕುತ್ತದೆ. ನಗುವುದನ್ನು ಕಂಡರೆ ದೇವರು ಆಡಿಸುತ್ತಿದ್ದಾನೆ ಅನ್ನುತ್ತಾರೆ. ಮುಲುಕಿದರೆ ಮಾತ್ರ ಹಸಿವು ಎಂದುಕೊಂಡು ಎತ್ತಿಬಿಡುತ್ತಾರೆ. ಎರಡೂ ಒಂದೇ ನಿದ್ದೆ. ಒಂದೆರಡು ನಿಮಿಷ ಕಾದರೆ ಎಷ್ಟೋ ಸಲ ಮಗು ತಾನಾಗಿಯೇ ಮುಂದಿನ ಸುತ್ತಿಗೆ ಜಾರುತ್ತದೆ.

ಹಗಲು ರಾತ್ರಿಯ ವ್ಯತ್ಯಾಸವೂ ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಕತ್ತಲಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ರಸವನ್ನು ಹೊತ್ತಿಗೆ ಸರಿಯಾಗಿ ತಯಾರಿಸುವುದನ್ನು ಮಗುವಿನ ಮೆದುಳು ಕಲಿಯುವುದು ಸುಮಾರು ಮೂರನೇ ತಿಂಗಳಿಗೆ. ಅಲ್ಲಿಯವರೆಗೆ? ಪ್ರಾಗ್ ನಗರದ ವಿಜ್ಞಾನಿ ಹೆಲೆನಾ ಇಲ್ನೆರೋವಾ ಮತ್ತು ಅವರ ಜೊತೆಯವರು 1993ರಲ್ಲಿ ಬಾಣಂತಿಯರ ಹಾಲನ್ನು ಹಗಲು ರಾತ್ರಿ ಬೇರೆಬೇರೆಯಾಗಿ ಪರೀಕ್ಷಿಸಿದರು. ಹಗಲಿನ ಹಾಲಿನಲ್ಲಿ ಮೆಲಟೋನಿನ್ ಇಲ್ಲವೆನ್ನುವಷ್ಟು ಕಡಿಮೆ, ರಾತ್ರಿಯ ಹಾಲಿನಲ್ಲಿ ಚೆನ್ನಾಗಿ ಇತ್ತು. ಅಂದರೆ ರಾತ್ರಿ ಎರಡು ಗಂಟೆಗೆ ಕುಡಿಯುವ ಹಾಲು ಮಧ್ಯಾಹ್ನ ಎರಡಕ್ಕೆ ಕುಡಿಯುವ ಹಾಲಿನ ಹಾಗೆ ಇರುವುದಿಲ್ಲ. ಕೂಸಿನ ಗಡಿಯಾರ ಕೂಡುವತನಕ ತಾಯಿಯ ಗಡಿಯಾರದ ಸುದ್ದಿ ಹಾಲಿನಲ್ಲಿ ಬರುತ್ತಿರುತ್ತದೆ. ಇನ್ನೊಂದು ಸಂಗತಿ ಬೆಳಕಿನದು. ರಾತ್ರಿ ಹಾಲೂಡಿಸುವಾಗ ಟ್ಯೂಬ್‌ಲೈಟ್ ಹಾಕಿ, ಮೊಬೈಲ್ ಹಿಡಿದು, ಮಗುವನ್ನು ಮಾತನಾಡಿಸುತ್ತ ಕೂತರೆ ತಾಯಿಯ ಮೈಯೇ ಬೆಳಗಾಯಿತೆಂದು ತಿಳಿಯುತ್ತದೆ. ಮೊದಲಿನವರ ಬಾಣಂತಿ ಕೋಣೆಯ ಬಗ್ಗೆ ನನಗೆ ತಕರಾರುಗಳು ಬಹಳ ಇವೆ. ಹೊಗೆ, ಬಿಗಿದು ಮುಚ್ಚಿದ ಕಿಟಕಿ, ತಾಯಿಗೆ ನೀರು ಕುಡಿಯಲು ಬಿಡದಿರುವುದು ಯಾವುದನ್ನೂ ನಾನು ಒಪ್ಪಲಾರೆ. ಆದರೆ ಅಲ್ಲಿ ಉರಿಯುತ್ತಿದ್ದ ಸಣ್ಣ ದೀಪ ಸರಿಯಾಗಿತ್ತು.

ಇನ್ನು ಹೊಟ್ಟೆ. ತಾಯಿಯ ಹಾಲಿನಲ್ಲಿ ಪ್ರೋಟೀನ್ ನೂರಕ್ಕೆ ಒಂದು ಪಾಲು. ಹಸುವಿನ ಹಾಲಿನಲ್ಲಿ ಅದರ ಮೂರು ಪಟ್ಟು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಬಹುಪಾಲು ಕೇಸಿನ್, ಹೊಟ್ಟೆಯಲ್ಲಿ ಗಟ್ಟಿ ಗಡ್ಡೆಯಾಗಿ ಹೆಪ್ಪುಗಟ್ಟುವಂಥದು. ತಾಯಿಯ ಹಾಲಿನಲ್ಲಿ ತಿಳಿ ಪ್ರೋಟೀನೇ ಹೆಚ್ಚು, ಅದರ ಹೆಪ್ಪು ಮೆದು. ಹಾಗಾಗಿ ಎದೆಹಾಲು ಬೇಗ ಜೀರ್ಣವಾಗುತ್ತದೆ, ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಮಗು ಕೇಳುತ್ತದೆ. ಬೇರೆ ಹಾಲು ಕುಡಿದ ಕೂಸು ಮೊದಮೊದಲು ಸ್ವಲ್ಪ ದೀರ್ಘವಾಗಿ ಮಲಗಿದಂತೆ ಕಾಣುವುದು ಸುಳ್ಳಲ್ಲ. ಅದು ನೆಮ್ಮದಿಯ ನಿದ್ದೆಯೋ ಕಷ್ಟದ ಜೀರ್ಣವೋ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಕರುವಿಗೆಂದು ಆದ ಹಾಲು ಕರುವಿಗೆ ಒಗ್ಗುತ್ತದೆ. ಮಗುವಿಗೆ ವರ್ಷ ತುಂಬುವ ತನಕ ಅದನ್ನು ಕುಡಿಯುವ ಹಾಲಾಗಿ ಕೊಡಬಾರದು, ನೀರು ಬೆರೆಸಿಯೂ ಕೊಡಬಾರದು.

ಸಂಜೆಯ ರಂಪದ ವಿಷಯ ಹೇಳಲೇಬೇಕು, ಏಕೆಂದರೆ ಹಾಲು ಸಾಲದು ಎಂಬ ಮಾತು ಹುಟ್ಟುವುದೇ ಆ ಹೊತ್ತಿನಲ್ಲಿ. ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಹತ್ತು ಗಂಟೆಯವರೆಗೂ ಮಗು ಎದೆ ಬಿಡುವುದಿಲ್ಲ. ಬಿಟ್ಟರೆ ಅಳು, ಹಿಡಿದರೆ ಮತ್ತೆ ಚೀಪು. ಸಂಜೆ ಎದೆ ಬೆಳಗಿನಷ್ಟು ಬಿಗಿದಿರುವುದಿಲ್ಲ, ಅದನ್ನು ಮುಟ್ಟಿ ನೋಡಿ ತಾಯಿ ಇನ್ನಷ್ಟು ಹೆದರುತ್ತಾಳೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್‌ಟನ್ 1962ರಲ್ಲಿ ಎಂಬತ್ತು ಮಕ್ಕಳ ಅಳುವನ್ನು ತಾಯಂದಿರಿಂದ ಬರೆಸಿಕೊಂಡು ಲೆಕ್ಕ ಹಾಕಿದ್ದರು. ಆರನೇ ವಾರದ ಹೊತ್ತಿಗೆ ಅಳು ತುತ್ತತುದಿ ಮುಟ್ಟಿ ಆಮೇಲೆ ಇಳಿಯುತ್ತದೆ, ಸಂಜೆಯೇ ಹೆಚ್ಚು. ಆರೋಗ್ಯವಾಗಿ ತೂಕ ಏರುತ್ತಿದ್ದ ಮಕ್ಕಳೇ ಅವರೆಲ್ಲ. ಆ ಹೊತ್ತಿನಲ್ಲಿ ಹಾಲಿನ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಜಿಡ್ಡು ಹೆಚ್ಚು. ಪದೇಪದೇ ಕುಡಿಯುತ್ತ ಮಗು ರಾತ್ರಿಯ ಮೊದಲ ಉದ್ದನೆಯ ನಿದ್ದೆಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿರುತ್ತದೆ. ಒಂದು ಕಡೆಯ ಎದೆಯನ್ನು ಪೂರ್ತಿ ಮುಗಿಸಲು ಬಿಟ್ಟು ಆಮೇಲೆ ಇನ್ನೊಂದಕ್ಕೆ ಹಾಕಿದರೆ ಸಾಕು, ಕೊನೆಗೆ ಬರುವ ಜಿಡ್ಡಿನ ಹಾಲು ಸಿಗುತ್ತದೆ.

ಎದೆಯ ಮೇಲೇ ಮಲಗಿಬಿಡುತ್ತೆ, ಕೆಟ್ಟ ಚಾಳಿ ಬಿತ್ತು ಎಂದು ಈಗಿನ ತಾಯಂದಿರು ಪೇಚಾಡುವುದುಂಟು. ಚೀಪುವಾಗ ಮಗುವಿನ ಕರುಳಿನಲ್ಲೂ ತಾಯಿಯ ಮೈಯಲ್ಲೂ ಕೊಲಿಸಿಸ್ಟೋಕೈನಿನ್ ಎಂಬ ರಸ ಊರುತ್ತದೆ. ಹೆಸರು ಬಾಯಿಗೆ ಬರದಿದ್ದರೂ ಅದರ ಕೆಲಸ ಎಲ್ಲರಿಗೂ ಗೊತ್ತು: ಊಟವಾದ ಮೇಲೆ ಬರುವ ಜೋಂಪು. ಸ್ವೀಡನ್ನಿನ ಕೆರ್ಸ್ಟಿನ್ ಊವ್ನೇಸ್ ಮೊಬೆರ್ಗ್ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಹಾಲು ಕುಡಿಯುತ್ತ ನಿದ್ದೆ ಹೋಗುವುದು ಮಗುವಿನ ಚಾಳಿ ಆಗಿದ್ದರೆ ಮನುಷ್ಯಕುಲಕ್ಕೆಲ್ಲ ಆ ಚಾಳಿ ಇದೆ ಎನ್ನಬೇಕು.

ಹಾಗಿದ್ದರೆ ಗಟ್ಟಿ ಆಹಾರ ಕೊಟ್ಟರೆ ಮಲಗುವುದಿಲ್ಲವೇ? ರಾಗಿ ಸರಿಯ ಪ್ರಶ್ನೆ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳಿಗೆ ಮಲಗುವ ಮುಂಚೆ ಅಕ್ಕಿ ಹಿಟ್ಟಿನ ಗಂಜಿಯನ್ನು ಐದನೇ ವಾರದಿಂದಲೇ ಕೊಟ್ಟರು, ಇನ್ನೊಂದು ಗುಂಪಿಗೆ ನಾಲ್ಕು ತಿಂಗಳಾದ ಮೇಲೆ. ರಾತ್ರಿಯ ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಎದುರು ಹೇಳುವ ಒಂದು ಅಧ್ಯಯನವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1303 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮೂರು ತಿಂಗಳಿಂದಲೇ ಎದೆಹಾಲಿನ ಜೊತೆ ಬೇರೆ ಆಹಾರ ತಿಂದ ಮಕ್ಕಳು ಹೆಚ್ಚು ಮಲಗಿದರು ಎಂದು ಪತ್ರಿಕೆಗಳು ಬರೆದವು. ಎಷ್ಟು ಹೆಚ್ಚು? ವ್ಯತ್ಯಾಸ ಅತಿ ದೊಡ್ಡದಾಗಿದ್ದ ಆರನೇ ತಿಂಗಳಿನಲ್ಲಿ ರಾತ್ರಿಗೆ ಸುಮಾರು ಹದಿನೇಳು ನಿಮಿಷ. ಎರಡು ಸಲ ಏಳುತ್ತಿದ್ದದ್ದು ಸರಾಸರಿಯಲ್ಲಿ ಎರಡಕ್ಕಿಂತ ತುಸು ಕಡಿಮೆಯಾಯಿತು.

ಹದಿನೇಳು ನಿಮಿಷವೂ ದಣಿದ ತಾಯಿಗೆ ದೊಡ್ಡದೇ, ನಾನು ಲಘುವಾಗಿ ಹೇಳುತ್ತಿಲ್ಲ. ಆದರೆ ಅದಕ್ಕೆ ನಾವು ತೆರುವ ಬೆಲೆ ಬೇರೆ. ನಮ್ಮ ನೀರು, ನಮ್ಮ ಪಾತ್ರೆ, ನಮ್ಮ ಬಾಟಲಿಯ ನಿಪ್ಪಲ್ ನೆನೆಸಿಕೊಳ್ಳಿ. ಮೂರು ತಿಂಗಳ ಮಗುವಿಗೆ ಒಂದು ಸಲ ವಾಂತಿಭೇದಿ ಬಂದರೆ ಹೋಗುವ ರಾತ್ರಿಗಳನ್ನು ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಆರು ತಿಂಗಳ ತನಕ ಎದೆಹಾಲು ಮಾತ್ರ ಎನ್ನುತ್ತಿರುವುದಕ್ಕೆ ಈ ಕಾರಣವೂ ಇದೆ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳೆಂಟು ಪಾಲು ನೀರೇ. ಆರು ತಿಂಗಳು ತುಂಬಿದ ಮೇಲೆ ಮೊಳಕೆ ಕಟ್ಟಿದ ರಾಗಿಯ ಸರಿಗಿಂತ ಒಳ್ಳೆಯ ಶುರು ಬೇರೆ ಬೇಕಿಲ್ಲ. ತಿನ್ನುವುದನ್ನು ಕಲಿಯಲಿ, ಕಬ್ಬಿಣದ ಅಂಶ ಸಿಗಲಿ ಎಂದು ಕೊಡಿ. ನಿದ್ದೆಯ ಮದ್ದೆಂದು ಬೇಡ. ಬ್ರಿಟನ್ನಿನಲ್ಲೇ 2015ರಲ್ಲಿ ಆರರಿಂದ ಹನ್ನೆರಡು ತಿಂಗಳ ಮಕ್ಕಳ ಏಳುನೂರಕ್ಕೂ ಹೆಚ್ಚು ತಾಯಂದಿರನ್ನು ಕೇಳಿದಾಗ ಐದರಲ್ಲಿ ನಾಲ್ಕು ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಿದ್ದವು. ಎದೆಹಾಲಿನ ಮಕ್ಕಳು, ಬಾಟಲಿಯ ಮಕ್ಕಳು ಎಂಬ ಭೇದವಿರಲಿಲ್ಲ.

ಇಡೀ ರಾತ್ರಿ ಮಲಗಬೇಕು ಎನ್ನುವ ಆಸೆ ಎಲ್ಲಿಂದ ಬಂತೋ ನೋಡಿ. 1907ರಲ್ಲಿ ನ್ಯೂಜಿಲೆಂಡಿನಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಕಟ್ಟಿದ ಡಾಕ್ಟರ್ ಟ್ರೂಬಿ ಕಿಂಗ್ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲು, ರಾತ್ರಿ ಹಾಲೇ ಇಲ್ಲ ಎಂಬ ಶಿಸ್ತು ತಂದರು. ಅದು ಬ್ರಿಟಿಷ್ ಜಗತ್ತಿಗೆಲ್ಲ ಹರಡಿತು. ಐವತ್ತು ವರ್ಷದ ಮೇಲೆ, 1957ರಲ್ಲಿ, ಲಂಡನ್ನಿನ ಮೂರ್ ಮತ್ತು ಉಕೊ ನೂರರುವತ್ತು ಮಕ್ಕಳನ್ನು ಗಮನಿಸಿ ಮೂರು ತಿಂಗಳಿಗೆ ನೂರಕ್ಕೆ ಎಪ್ಪತ್ತು ಮಕ್ಕಳು ರಾತ್ರಿ ಪೂರ್ತಿ ಮಲಗುತ್ತಾರೆ ಎಂದರು. ಈ ಅಂಕಿ ಇಂದಿಗೂ ತಿರುಗಾಡುತ್ತಿದೆ. ಅವರ 'ರಾತ್ರಿ ಪೂರ್ತಿ' ಎಂದರೆ ಮಧ್ಯರಾತ್ರಿಯಿಂದ ಬೆಳಗಿನ ಐದು ಗಂಟೆ! ಅಷ್ಟು ಮಲಗಿದವರಲ್ಲೂ ಎಷ್ಟೋ ಮಕ್ಕಳು ವರ್ಷದೊಳಗೆ ಮತ್ತೆ ಏಳತೊಡಗಿದವು. ಕೆನಡಾದಲ್ಲಿ 388 ಮಕ್ಕಳನ್ನು ನೋಡಿ 2018ರಲ್ಲಿ ಬರೆದವರು ಆರು ತಿಂಗಳಿಗೆ ನೂರಕ್ಕೆ 38 ಮಕ್ಕಳು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ, ವರ್ಷದ ಹೊತ್ತಿಗೂ ನೂರಕ್ಕೆ 28 ಮಕ್ಕಳು ಮಲಗುತ್ತಿರಲಿಲ್ಲ ಎನ್ನುತ್ತಾರೆ. ಬುದ್ಧಿಯ ಬೆಳವಣಿಗೆಯಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ. ಆ ಅಧ್ಯಯನದಲ್ಲಿ ಏಳುವ ಮಕ್ಕಳ ನಡುವೆ ಎದೆಹಾಲು ಕುಡಿಯುವವರು ಹೆಚ್ಚಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ಸುಲಭವಾಗಿ ಎಚ್ಚರಗೊಳ್ಳುವುದಕ್ಕೆ ಅದರದೇ ಬೆಲೆ ಇದೆ. ಆರೋಗ್ಯವಾಗಿದ್ದ ಮಗು ಮಲಗಿದಲ್ಲೇ ಕಾರಣ ತಿಳಿಯದೆ ತೀರಿಹೋಗುವ ಘಟನೆಗಳು ಪಶ್ಚಿಮದ ದೇಶಗಳಲ್ಲಿ ಬಹಳವಿದ್ದವು. ಬ್ರಿಟನ್ 1991ರಲ್ಲಿ ಮಗುವನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ ಎಂಬ ಪ್ರಚಾರ ಮಾಡಿದ ಮೇಲೆ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಬೋರಲು ಮಲಗಿದ ಮಕ್ಕಳು ಗಾಢವಾಗಿ ಮಲಗುತ್ತಿದ್ದವು, ಉಸಿರಿಗೆ ತೊಡಕಾದರೂ ಎಚ್ಚರಾಗುತ್ತಿರಲಿಲ್ಲ. ಎರಡು ತಿಂಗಳಾದರೂ ಎದೆಹಾಲು ಕುಡಿದ ಮಕ್ಕಳಲ್ಲಿ ಇಂಥ ಸಾವಿನ ಸಂಭವ ಅರ್ಧದಷ್ಟಾಗುತ್ತದೆ ಎಂದು 2017ರಲ್ಲಿ ಹಲವು ದೇಶಗಳ ಮಾಹಿತಿ ಒಟ್ಟುಮಾಡಿ ತೋರಿಸಿದರು. ತಾಯಿಯ ಕಡೆಯಿಂದಲೂ ರಾತ್ರಿಯ ಹಾಲು ಮುಖ್ಯ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚು. ರಾತ್ರಿ ಕೊಡುವುದನ್ನು ನಿಲ್ಲಿಸಿ ಬಾಟಲಿ ಹಿಡಿದರೆ ಕೆಲವೇ ದಿನಗಳಲ್ಲಿ ಹಾಲು ನಿಜವಾಗಿಯೂ ಇಳಿಯುತ್ತದೆ. ಆಗ 'ನೋಡು, ನಾನು ಹೇಳಿರಲಿಲ್ಲವೇ' ಎನ್ನುವವರು ಗೆಲ್ಲುತ್ತಾರೆ. ಮುಟ್ಟು ತಡವಾಗಿ ಬರುವುದೂ ರಾತ್ರಿ ಬಿಡದೆ ಹಾಲೂಡಿಸುವುದರಿಂದಲೇ. ಇಟಲಿಯ ಬೆಲ್ಲಾಜಿಯೊದಲ್ಲಿ 1988ರಲ್ಲಿ ಕೂಡಿದ ತಜ್ಞರು, ಮುಟ್ಟು ಮರಳದೆ ಪೂರ್ತಿ ಎದೆಹಾಲನ್ನೇ ಕೊಡುತ್ತಿರುವ ತಾಯಿಗೆ ಮೊದಲ ಆರು ತಿಂಗಳು ನೂರಕ್ಕೆ 98ರಷ್ಟು ಗರ್ಭದ ತಡೆ ಇರುತ್ತದೆ ಎಂದು ಒಪ್ಪಿದರು.

ಇನ್ನು ನಿದ್ದೆ ಬರಿಸುವ ಮದ್ದುಗಳ ಕತೆ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಮಗುವಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆ ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕಲ್ಲು ಮನಸ್ಸಿನಿಂದ ಕೊಟ್ಟದ್ದಲ್ಲ ಅದು. ಹಾಲುಣಿಸಲು ಮನೆಗೆ ಬರುವಂತಿಲ್ಲ, ಮಗುವನ್ನು ಬಿಡಲು ಜಾಗವಿಲ್ಲ. ಹಸಿದು ಅಳದಂತೆ ಮಲಗಿಸುವುದೊಂದೇ ದಾರಿ. ವಿಟ್ಲಿ ಎಂಬುವರ ಅಧ್ಯಕ್ಷತೆಯ ಕಾರ್ಮಿಕ ಆಯೋಗ 1931ರ ವರದಿಯಲ್ಲಿ ಈ ಅಭ್ಯಾಸದ ಬಗ್ಗೆ ಬರೆದು ಶಿಶುಪಾಲನಾ ಕೇಂದ್ರಗಳು ಬೇಕು ಎಂದಿತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಅದು ಸೇರಿತು. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು, ಐವತ್ತು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಾಯಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 'ಕೂಸಿನ ಮನೆ'ಗಳನ್ನು ಘೋಷಿಸಿದ್ದು 2023ರಲ್ಲಿ. ಮಗುವಿನ ನಿದ್ದೆಯ ಬಗ್ಗೆ ನಾನು ಕೇಳಿದ ಒಳ್ಳೆಯ ಸಲಹೆಗಳ ಸಾಲಿನಲ್ಲಿ ಈ ಕಾಯ್ದೆಗಳನ್ನೂ ಇಡುತ್ತೇನೆ.

ಅಫೀಮು ಹೋಯಿತು, ಜಾಯಿಕಾಯಿ ಉಳಿದಿದೆ. ಪಾಯಸಕ್ಕೆ ಚಿಟಿಕೆ ಹಾಕಿದರೆ ಪರಿಮಳ. ಎಳೆಗೂಸಿಗೆ ತೇಯ್ದು ನೆಕ್ಕಿಸಿದರೆ ಅದರಲ್ಲಿರುವ ಮಿರಿಸ್ಟಿಸಿನ್ ಮೆದುಳಿನ ಮೇಲೆ ಕೆಲಸ ಮಾಡುತ್ತದೆ. ಎರಡು ಸುತ್ತು ತೇಯ್ದರೆ ಎಷ್ಟು ಬಂತು ಎಂದು ಅಳೆದವರಿಲ್ಲ. ಗ್ರೈಪ್ ವಾಟರ್ ಕೂಡ ಅಜ್ಜಿಯ ಮದ್ದೇ, ಆದರೆ ಇಂಗ್ಲೆಂಡಿನ ಅಜ್ಜಿಯದು. ನಾಟಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿಯೊಬ್ಬ 1851ರಲ್ಲಿ ಮಾಡಿದ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆಯ ಜೊತೆ ಮದ್ಯವೂ ಇತ್ತು. ಮಗು ಶಾಂತವಾಗುತ್ತಿದ್ದದ್ದರಲ್ಲಿ ಆಶ್ಚರ್ಯವೇನು? ಈಗ ಮದ್ಯವಿಲ್ಲ, ಪ್ರಯೋಜನವೂ ಇಲ್ಲ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ತುಟಿಗೂ ಸವರಬೇಡಿ. ಬಾಣಂತಿಯ ಕಾಫಿಯ ಬಗ್ಗೆಯೂ ಕೇಳುತ್ತೀರಿ. ದಿನಕ್ಕೆ ಒಂದೆರಡು ಲೋಟ ಪರವಾಗಿಲ್ಲ, ಅದಕ್ಕೂ ಮೀರಿದರೆ ಕಷ್ಟ, ಏಕೆಂದರೆ ದೊಡ್ಡವರ ಮೈ ಕೆಲವು ಗಂಟೆಗಳಲ್ಲಿ ಕರಗಿಸುವ ಕೆಫೀನನ್ನು ಅರ್ಧ ಕಳೆಯಲು ಎಳೆಗೂಸಿಗೆ ಮೂರು ನಾಲ್ಕು ದಿನ ಬೇಕು.

ಇಷ್ಟೆಲ್ಲ ಕೇಳಿ ಹಾಲು ಯಾವಾಗಲೂ ಸಾಕಾಗುತ್ತದೆ ಎಂದುಕೊಳ್ಳಬೇಡಿ. ಸಾಲದೆ ಹೋಗುವುದೂ ಉಂಟು. ಅದನ್ನು ನಿದ್ದೆಯಿಂದ ಅಳೆಯಬಾರದು, ಒದ್ದೆ ಬಟ್ಟೆಯಿಂದ ಅಳೆಯಬೇಕು. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದಾಗಿನ ತೂಕ ಮೊದಲು ತುಸು ಇಳಿದು ಎರಡು ವಾರದೊಳಗೆ ಮರಳಬೇಕು, ಆಮೇಲೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಬೇಕು. ತೂಕ ಏರುತ್ತಿದ್ದರೆ ರಾತ್ರಿ ಎಷ್ಟು ಸಲ ಎದ್ದರೂ ಹಾಲು ಸಾಕಾಗುತ್ತಿದೆ. ಹೆಚ್ಚು ಹೆದರಬೇಕಾದದ್ದು ಇದಕ್ಕೆ ವಿರುದ್ಧವಾದ ಮಗುವಿಗೆ. ಮೊದಲ ವಾರದಲ್ಲಿ ನಾಲ್ಕೈದು ಗಂಟೆ ಏಳದೆ, ಎಬ್ಬಿಸಿದರೂ ಚೀಪದೆ, ಮೈ ಹಳದಿಯಾಗಿ, ಸುಮ್ಮನೆ ಮಲಗಿರುವ ಮಗುವನ್ನು ನೆಂಟರು ಬಂದು ಎಷ್ಟು ಸಾಧು ಎಂದು ಹೊಗಳುತ್ತಾರೆ. ಆ ಮಗುವನ್ನು ಅಂದೇ ಆಸ್ಪತ್ರೆಗೆ ತೋರಿಸಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ, ದಿನ ತುಂಬದೆ ಹುಟ್ಟಿದ ಮಕ್ಕಳನ್ನಂತೂ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯೇ ಹಾಲೂಡಿಸಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಬಳಿ ತಕ್ಕಡಿ ಇರುತ್ತದೆ, ಅವಳಿಂದ ತೂಗಿಸಿ.

ಮಲಗಿಸುವ ಜಾಗದ ಬಗ್ಗೆ ಒಂದೆರಡು ಮಾತು. ತಾಯಿಯ ಪಕ್ಕದಲ್ಲಿ, ಕೈಗೆಟುಕುವಂತೆ, ಗಟ್ಟಿ ಹಾಸಿನ ಮೇಲೆ ಅಂಗಾತ. ಮುಖದ ಹತ್ತಿರ ದಿಂಬು ರಗ್ಗು ಬೇಡ. ಕುಡಿದವರ, ಬೀಡಿ ಸಿಗರೇಟು ಸೇದುವವರ ಪಕ್ಕದಲ್ಲಿ ಮಲಗಿಸಲೇಬಾರದು. ಸೋಫಾದ ಮೇಲೆ ಕೂತು ಹಾಲೂಡಿಸುತ್ತ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಸೀರೆಯ ಜೋಲಿಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿಕೊಳ್ಳದಂತೆ ನೋಡುತ್ತಿರಿ.

ಕೊನೆಗೆ ತಾಯಿಯ ನಿದ್ದೆ. ರಾತ್ರಿ ಬಾಟಲಿ ಕೊಟ್ಟರೆ ಅವಳಿಗೆ ವಿಶ್ರಾಂತಿ ಎನ್ನುವುದು ತೋರಿಕೆಯ ಮಾತು. ಅಮೆರಿಕದ ಒಂದು ಅಧ್ಯಯನದಲ್ಲಿ ಮೂರು ತಿಂಗಳ ಮಗುವಿಗೆ ಎದೆಹಾಲೇ ಕೊಡುತ್ತಿದ್ದ ತಂದೆತಾಯಿಗಳು ಉಳಿದವರಿಗಿಂತ ನಲವತ್ತು ನಿಮಿಷ ಹೆಚ್ಚು ಮಲಗಿದರು, ಇನ್ನೊಂದರಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಬಾಟಲಿ ತೊಳೆದು ಕುದಿಸಿ ಪುಡಿ ಕಲಸುವುದಕ್ಕೂ ಯಾರೋ ಏಳಲೇಬೇಕಲ್ಲ. ನಮ್ಮ ಕಡೆ ಬಾಣಂತನ ತವರಿನಲ್ಲಿ ನಡೆಯುತ್ತದೆ, ಅಪ್ಪನಾದವನು ಭಾನುವಾರದ ಅತಿಥಿ. ಹೆಂಡತಿ ಮೂರೋ ಐದೋ ತಿಂಗಳಿಗೆ ಮನೆಗೆ ಬಂದಾಗ ಮಗು ಏಳುವುದನ್ನು ಅವನು ಮೊದಲ ಸಲ ನೋಡುತ್ತಾನೆ, 'ಅಲ್ಲಿ ಸರಿಯಾಗಿತ್ತಲ್ಲ' ಎಂದು ಕೇಳುತ್ತಾನೆ. ಅಲ್ಲಿ ಅವಳ ತಾಯಿ ಎದ್ದು ಬಟ್ಟೆ ಬದಲಿಸುತ್ತಿದ್ದರು, ತೇಗು ಬರುವ ತನಕ ಹೆಗಲ ಮೇಲೆ ಹಾಕಿ ತಟ್ಟುತ್ತಿದ್ದರು, ಮಗಳಿಗೆ ಒಂದು ಲೋಟ ನೀರು ತಂದಿಡುತ್ತಿದ್ದರು, ಬೆಳಗ್ಗೆ ಮಗುವನ್ನೆತ್ತಿಕೊಂಡು ಬಾಗಿಲು ಮುಂದೆಮಾಡಿ ಅವಳನ್ನು ಇನ್ನೊಂದು ಗಂಟೆ ಮಲಗಲು ಬಿಡುತ್ತಿದ್ದರು. ಇವುಗಳಲ್ಲಿ ಗಂಡಸಿನ ಕೈಯಲ್ಲಿ ಆಗದ ಕೆಲಸ ಒಂದೂ ಇಲ್ಲ.